ಯಾವ ಹೆಸರು ಒತ್ತಿದರೂ

ಮೊನ್ನೆ ಗುಜರಿಯವನಿಗೆ ಕೊಡಲೆಂದು ಅಟ್ಟದ ಮೇಲಿನ ಹಳೆಯ ಡಬ್ಬಾ ಮಾನಿಟರ್ ಇಳಿಸಿದೆ. ಕೊಡುವ ಮೊದಲು ಒಮ್ಮೆ ಹಚ್ಚಿ ನೋಡುವ ಹಾಳು ಚಪಲ. ಕಾದ ಧೂಳಿನ ವಾಸನೆ ಬಂತು. ಅಷ್ಟೇ ಸಾಕಾಯಿತು... ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಸೆಂಟರು, ಅಲ್ಲಿ ಕಲಿಸುತ್ತಿದ್ದ ನಮ್ಮ ಪಕ್ಕದ ಮನೆಯ ಅಕ್ಕ, ಎಲ್ಲ ಒಟ್ಟಿಗೇ ಬಂದು ನಿಂತವು.

ಅಕ್ಕ ಗಂಡನ ಹೊಡೆತ ತಾಳದೆ ಹರಪನಹಳ್ಳಿ ಕಡೆಯಿಂದ ತವರಿಗೆ ಬಂದವಳು. ಹೆಣ್ಣುಮಕ್ಕಳ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕರೆ ಇರು, ಇಲ್ಲದಿದ್ದರೆ ಗಂಡನ ಮನೆಗೆ ನಡೆ ಎಂದು ಅವಳಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ಒಂದು ವೆಬ್ ಪುಟ ಮಾಡಿ ತೋರಿಸಲಿ, ಆಮೇಲೆ ನೋಡೋಣ ಎಂದಿದ್ದರು ಪ್ರಿನ್ಸಿಪಾಲರು.

ಅಕ್ಕ ನಮ್ಮ ಬ್ಯಾಚಿನ ಹುಡುಗಿಯರ ಪುಟ ಮಾಡಿದಳು. ಹೆಸರು ಒತ್ತಿದರೆ ಆ ಹುಡುಗಿಯ ಫೋಟೋ ಬರಬೇಕು. ಹೆಸರುಗಳ ಸಾಲಿನ ಮೇಲೆ ಒಂದೊಂದಾಗಿ ಹಾದುಹೋಗುವ ಲೂಪ್ ಓಡಿಸಿ, ನಿನ್ನನ್ನು ಯಾರಾದರೂ ಒತ್ತಿದಾಗ ಇದನ್ನು ಮಾಡು ಎಂದು ಪ್ರತಿ ಹೆಸರಿಗೂ ಒಂದು ಫಂಕ್ಷನ್ ಕಟ್ಟಿದ್ದಳು. ತಡವಾಗಿ ಸೇರಿದ ನನ್ನ ಹೆಸರು ಕೊನೆಯಲ್ಲಿತ್ತು. ಕರೆಂಟು ಹೋಗುವುದರೊಳಗೆ ಒಂದು ಹೆಸರು ಒತ್ತಿ ನೋಡಿದರೆ ಅದೇ ದೊಡ್ಡದು; ಮಗ್ಗುಲಲ್ಲೇ ಕೂತ ನನ್ನನ್ನು ಬಿಟ್ಟು ಅವಳು ಇನ್ಯಾರನ್ನು ಒತ್ತಿಯಾಳು? ನನ್ನ ಫೋಟೋ ಪ್ರತಿ ಸಲ ಠೀವಿಯಿಂದ ಬರುತ್ತಿತ್ತು.

ತೋರಿಸುವ ದಿನ ಪ್ರಿನ್ಸಿಪಾಲರು ಮೊದಲ ಹೆಸರು ಒತ್ತಿದರು. ನನ್ನ ಮುಖ ಬಂತು. ಎರಡನೆಯದು ಒತ್ತಿದರು. ಮತ್ತೆ ನಾನೇ, ಎರಡು ಜಡೆ ಹಾಕಿಕೊಂಡು ಹಲ್ಲು ಕಿರಿಯುತ್ತ. ಯಾರೋ ಕಿಸಕ್ಕೆಂದರು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಇನ್ನಷ್ಟು ಕಲಿಯಿರಿ ಎಂದು ಮೆತ್ತಗೆ ಹೇಳಿ ಎದ್ದು ಹೋದರು. ಬಾಗಿಲಲ್ಲಿ ನಿಂತಿದ್ದ ಅವಳಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆಯೊಳಗೆ ಅಕ್ಕ ತಪ್ಪು ಹುಡುಕಿದಳು. ಫಂಕ್ಷನ್‌ಗಳು ಕೆಲಸಕ್ಕೆ ಎದ್ದು, ಯಾರ ಫೋಟೋ ತೋರಿಸಲಿ ಎಂದು ಲೂಪನ್ನು ಕೇಳುವುದು ಹೆಸರು ಒತ್ತಿದಾಗ. ಅಷ್ಟೊತ್ತಿಗೆ ಲೂಪ್ ಓಡಿ ಮುಗಿದು ಕೊನೆಯ ಹೆಸರಿನಲ್ಲಿ ನಿಂತಿರುತ್ತದೆ, ಎಲ್ಲವೂ ಅದನ್ನೇ ತೋರಿಸುತ್ತವೆ. ಒಂದೊಂದು ಹೆಸರನ್ನೂ ಅದರದರ ಫಂಕ್ಷನ್ನಿನ ಕೈಗೇ ಬೇರೆಬೇರೆ ಕೊಟ್ಟಳು. ಒತ್ತಿ ಒತ್ತಿ ನೋಡಿದಳು.

“ನೋಡವ್ವಾ, ಈಗ ಎಲ್ಲಾರೂ ಅವರವರ ಹೆಸರಿಗೆ ಬರ್ತಾರ,” ಎಂದಳು.

ನಾಳೆಯೇ ಪ್ರಿನ್ಸಿಪಾಲರಿಗೆ ತೋರಿಸೋಣ ಎಂದೆ. ಅಕ್ಕ ಮಾನಿಟರ್ ಆರಿಸಿದಳು.

“ಅಣ್ಣ ಆಗಲೇ ಗಂಡನ ಮನಿಗೆ ಫೋನ್ ಮಾಡ್ಯಾನ. ನಾಳಿ ಬಸ್ಸಿಗೆ ಕರಕೊಂಡು ಹೋಗ್ತಾನಂತ.”

ಮರುದಿನ ಹರಪನಹಳ್ಳಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದಳು. ನಾನು ಕೂಗಿದೆ, ತಿರುಗಲಿಲ್ಲ. ವರ್ಷ ತುಂಬುವುದರೊಳಗೆ ಸುದ್ದಿ ಬಂತು... ಬಾವಿ ಕಟ್ಟೆಯ ಮೇಲೆ ಕಾಲು ಜಾರಿತಂತೆ. ನಾನು ನಂಬಿಲ್ಲ.

ಈಗ ಇದೇ ಊರಿನಲ್ಲಿ ನಾನೂ ಅದೇ ಪಾಠ ಹೇಳುತ್ತೇನೆ. ಸಾಲಿನಲ್ಲಿದ್ದ ಒಂದೊಂದು ಹೆಸರನ್ನೂ ಕಂಪ್ಯೂಟರೇ ಎತ್ತಿ ಫಂಕ್ಷನ್ನಿಗೆ ಕೊಡುವ ಸವಲತ್ತು ಬಂದಿದೆ. ನನ್ನ ಹುಡುಗಿಯರಿಗೆ ಆ ತಪ್ಪು ಆಗುವುದೇ ಇಲ್ಲ. ಆಗುವುದು ನನಗೆ ಮಾತ್ರ. ಅಕ್ಕ ಮಂಡಕ್ಕಿ ತಿಂದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೀಬೋರ್ಡ್ ಮುಟ್ಟುತ್ತಿದ್ದದ್ದು, ನನ್ನ ಫೋಟೋ ನೋಡಿ ನಗುತ್ತಿದ್ದದ್ದು... ಯಾವುದನ್ನು ನೆನೆಯಲು ಹೋದರೂ ಬರುವುದು ಆ ಬಸ್ಸಿನ ಕಿಟಕಿ, ತಿರುಗದ ಆ ಮುಖ.