ಮಾದೇವಿಯ ಮಾತು, ನನ್ನ ಅರ್ಜಿ

ಮಾದೇವಿ, ಹನೂರಿನ ರೇಷ್ಮೆ ಬೆಳೆಗಾರರ ಸಂಘದಲ್ಲಿ ನಾನು ಎರಡು ವರ್ಷ ಮಾಡಿದ ಕೆಲಸ ನಿನ್ನದು. ಕದ್ದೆ. ಅದೂ ನಿನ್ನ ಎದುರಿಗೇ ಕೂತು.

ಆಗ ನಾನು ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತಿದ್ದೆ. ನಮ್ಮಲ್ಲಿದ್ದದ್ದು ಒಂದೇ ಪತ್ರ. ಯಳಂದೂರಿನ ನರ್ಸ್ ಬರಲಿ, ಲಾರಿ ಡ್ರೈವರ್ ಬರಲಿ, ಹೆಸರು ಬದಲಾಯಿಸಿ ಪ್ರಿಂಟ್ ಒತ್ತುವುದು. ಎಲ್ಲರಿಗೂ ಅದೇ ಶಿಸ್ತು, ಶ್ರದ್ಧೆ, ಪ್ರಾಮಾಣಿಕತೆ! ಅಷ್ಟು ಪ್ರಾಮಾಣಿಕರು ನಿಜವಾಗಿ ಇದ್ದಿದ್ದರೆ ಬೀಗ ಮಾರುವವರು ಅಂಗಡಿ ಮುಚ್ಚಬೇಕಿತ್ತು.

ಈ ಸಂಘದ ಕೆಲಸಕ್ಕೆ ಅರ್ಜಿ ಬರೆಸಲು ಶಾಗ್ಯದಿಂದ ನೀನು ಬಂದೆ. ಊರೂರು ತಿರುಗಿ ಹುಳ ಸಾಕುವವರಿಗೆ ತಿಳಿಹೇಳುವ ಕೆಲಸ ಅದು. "ನಿಂಗೇನ್ ಗೊತ್ತವ್ವ?" ಎಂದು ರೇಗಿಸಿದೆ.

"ಹುಳ ಜ್ವರಕ್ ಕೂತಾಗ, ಪೊರೆ ಬುಡೋ ಒತ್ನಲ್ಲಿ, ಸೊಪ್ಪಾಕ್ಬಾರ್ದು ಕಣಣ್ಣ. ಪಕ್ಕದ್ಮನೆ ಅಜ್ಜಿ, ಪಾಪ ಅಸ್ಕಂಡವೆ ಅಂತ ಆಕ್ಬುಡೋದು. ನಾನು ಬೈನಿಲ್ಲ. ದಿನಾ ಓಗಿ ತಟ್ಟೆ ಮುಂದೆ ಜೊತೇಲಿ ಕೂತ್ಕಂಡು, ಹುಳ ಸೊಪ್ ಮುಟ್ದೆ ತಲೆ ಎತ್ಕಂಡಿರೋದ ತೋರುಸ್ದೆ. ಆ ಸಲ ಗೂಡು ಚೆನ್ನಾಗ್ ಬಂತು."

ಕೇಳುತ್ತಲೇ ಗೊತ್ತಾಯಿತು — ಬರೆಯಬೇಕಾದ ಪತ್ರ ಇದೇ. ಆದರೂ ನಿನ್ನ ಕೈಗಿಟ್ಟದ್ದು ಆ ಹಳೇ ಶಿಸ್ತು-ಶ್ರದ್ಧೆಯನ್ನು. ನೀನು ಬಸ್ ಹತ್ತಿದ ಮೇಲೆ ನಿನ್ನ ಮಾತನ್ನೆಲ್ಲ ನನ್ನ ಹೆಸರಿನಲ್ಲಿ ಬರೆದುಕೊಂಡು ಅದೇ ಕೆಲಸಕ್ಕೆ ಅರ್ಜಿ ಹಾಕಿದೆ. ಮಾಲೀಕರು, ಕಂಡಕ್ಟರು, ನಮ್ಮಪ್ಪ — ಎಲ್ಲರ ದನಿಯನ್ನೂ ಅಣಕಿಸಿ ವಾಪಸ್ ಕೊಡುತ್ತಿದ್ದವನು ನಿನ್ನದನ್ನು ನುಂಗಿಯೇಬಿಟ್ಟೆ.

ಸಂದರ್ಶನದಲ್ಲಿ ಸಂಘದ ಕಾರ್ಯದರ್ಶಿ ನನ್ನ ಪತ್ರ ಎತ್ತಿ ಹಿಡಿದರು. "ಮಿಕ್ಕಿದ್ದೆಲ್ಲ ಒಂದೇ ಅಚ್ಚು. ಇವನೊಬ್ಬ ಕೆಲ್ಸ ಬಲ್ಲೋನು." ಆ ಒಂದೇ ಅಚ್ಚಿನ ಕಟ್ಟಿನೊಳಗೆ ನೀನಿದ್ದೆ, ನಿನ್ನನ್ನು ಕರೆಯಲೇ ಇಲ್ಲ. ಹುಳ ಮುಟ್ಟಿದರೆ ಮೈ ಜುಮ್ಮೆನ್ನುವ ಮಹಾಶಯ ನಾನು — ಕಾಣದ ಆ ಅಜ್ಜಿಯ ದನಿಯನ್ನೂ ಅಣಕಿಸಿ ಎಲ್ಲರನ್ನೂ ನಗಿಸಿದೆ. ಥೂ!

ಹೋದ ತಿಂಗಳು ಒಡೆಯರಪಾಳ್ಯದ ಬಸ್ಸಿನಲ್ಲಿ ನೀನು ಸಿಕ್ಕಿದೆಯಲ್ಲ. "ಕೆಲ್ಸ ನಿಂಗಾಯ್ತಂತಲ್ಲಣ್ಣ, ಒಳ್ಳೇದಾಯ್ತು. ನಂಗೆ ಅಷ್ಟು ತಿಳುವಳ್ಕೆ ಸಾಲ್ದು ಅಂತ ಬುಟ್ರೇನೋ" ಅಂದೆ. ಆಗಲೂ ನನ್ನ ಬಾಯಿಂದ ಬಂದದ್ದೇನು? "ಅದೃಷ್ಟ ಕಣವ್ವ." ಅದೃಷ್ಟ ಅಂತೆ! ಕಸಿದುಕೊಂಡವನೇ ಪಕ್ಕದ ಸೀಟಿನಲ್ಲಿ ಕೂತು ಸಮಾಧಾನ ಹೇಳುವುದು... ಈ ನಾಲಿಗೆಗೆ ಬರೆ ಎಳೆಯಬೇಕು.

ಇವತ್ತು ಕೆಲಸ ಬಿಟ್ಟೆ. ಆ ಮಾತು ಯಾರದೆಂದು ನಿನ್ನ ಹೆಸರು, ಊರು ಸಮೇತ ಕಾರ್ಯದರ್ಶಿಗೆ ಬರೆದುಕೊಟ್ಟೆ. ಅವರು ನಿನ್ನನ್ನು ಕರೆಯುತ್ತಾರೋ ಇಲ್ಲವೋ — ಅದು ನನಗೆ ಗೊತ್ತಿಲ್ಲ. ಆದರೆ ನಿನಗೆ ತಿಳುವಳಿಕೆ ಸಾಲದೆಂದು ನೀನು ಇನ್ನೊಂದು ದಿನವೂ ನಂಬಬಾರದು.