ಮೊಲದ ಮರಿಗೆ ದೃಷ್ಟಿ ತೆಗೆದ ಅಜ್ಜಿ

ಪಕ್ಕದ ಮನೆಯವರು ದೃಷ್ಟಿ ತೆಗೆದು ಸುಟ್ಟ ಮೆಣಸಿನಕಾಯಿಯ ಘಾಟಿಗೆ ಮೂಗೂರಿನ ಅಜ್ಜಿ ನೆನಪಾದಳು.

ನನ್ನ ಚಿಕ್ಕಂದಿನಲ್ಲಿ ಒಮ್ಮೆ ತಾಂಡ್ಯದ ಫ್ಯಾಕ್ಟರಿಯಿಂದ ಬರುವಾಗ ಅಪ್ಪ ಊಟದ ಬ್ಯಾಗಿನಲ್ಲಿ ಮೊಲದ ಮರಿ ತಂದಿದ್ದರು. ಬೀದಿಯ ಮಕ್ಕಳೆಲ್ಲ ಮುಟ್ಟಿದ್ದೇ ಮುಟ್ಟಿದ್ದು. ಮರುದಿನವೂ ಮರಿ ಹುಲ್ಲು ಮೂಸಲಿಲ್ಲ.

"ಕಣ್ಣು ಬಿದ್ದದೆ ಕಣವ್ವ" ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ನಾವೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದೆವು. ಅಜ್ಜಿ ಮಾತ್ರ ಮರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಜಗಲಿಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಸೆರಗಿನೊಳಗೆ ಕರಕರ ಸದ್ದು. ಅವಳ ಸೊಂಟದ ಚೀಲದಿಂದ ಇಣುಕಿದ್ದ ವೀಳ್ಯದೆಲೆಯನ್ನು ಮರಿ ಮೇಯುತ್ತಿತ್ತು.

"ನೋಡ್ದಾ ಮಗಾ, ದಿಷ್ಟಿ ಓಯ್ತು!" ಎಂದು ಅಜ್ಜಿ ಗೆದ್ದವಳಂತೆ ನಕ್ಕಳು.

ಇವತ್ತು ಮಗಳು ತಂದ ಮರಿಯೂ ಏನೂ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತಿದೆ. ಅವಳು ಮೊಬೈಲ್‌ನಲ್ಲಿ ಮದ್ದು ಹುಡುಕುತ್ತಿದ್ದಾಳೆ. ನಾನು ಬೀರುವಿನಲ್ಲಿ ಅಜ್ಜಿಯ ಸೀರೆ ಹುಡುಕುತ್ತಿದ್ದೇನೆ.