ಭುಜದ ನೋವಿಗೆ ಕಾಲಿಗೆ ಸೂಜಿ

ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವುದು ಎಷ್ಟು ದೊಡ್ಡ ಸ್ವಾತಂತ್ರ್ಯವೆಂಬುದು, ಬಲಭುಜ ಮುಷ್ಕರ ಹೂಡಿದ ಮೇಲಷ್ಟೇ ನನಗೆ ತಿಳಿದದ್ದು. ಈಗ ದಿನಾ ಬೆಳಿಗ್ಗೆ, ಡಿಕಾಕ್ಷನ್ ಇಳಿಯುವ ಹೊತ್ತಿಗೆ, ಅತ್ತೆಯ ಮುಂದೆ ಕೂರಬೇಕು. ಅವರು ಹಗ್ಗ ಹೊಸೆಯುವವರಂತೆ ಕೂದಲು ಜಗ್ಗುತ್ತಾ, “ಒಂದು ಚಿಟಿಕೆ ಹಾಕುಸ್ಕೊಂಡಿದ್ರೆ ಯಾವತ್ತೋ ಹೋಗಿರೋದು ಕಣಮ್ಮ” ಎನ್ನಬೇಕು. ಚಿಟಿಕೆಯೆಂದರೆ, ಓದುಗರೇ, ಕಾಯಿಸಿದ ಅರಿಶಿನದ ಕೊಂಬನ್ನು ನೋವಿರುವೆಡೆ ಚುರ್ರೆನ್ನಿಸುವ ನಮ್ಮ ಕಡೆಯ ಚಿಕಿತ್ಸೆ. ಅದರಿಂದ ಪಾರಾಗಲೆಂದೇ ನಾನು ಮಧುಗಿರಿಯಿಂದ ಶಿರಾ ಬಸ್ಸು ಹತ್ತಿ, ಚೀನೀ ಸೂಜಿಚಿಕಿತ್ಸೆಯ ಡಾಕ್ಟರಮ್ಮನಲ್ಲಿ ಶರಣಾದದ್ದು. ಅತ್ತೆಯೂ ಜೊತೆಗೆ ಹೊರಟರು. ಬೇಡವೆಂದರೆ ಕೇಳುವ ಜೀವವೇ ಅದು!

ಡಾಕ್ಟರಮ್ಮ ಭುಜದ ಗೋಜಿಗೇ ಹೋಗದೆ ಮೊಣಕಾಲಿನ ಕೆಳಗೆ ಸೂಜಿ ಇಳಿಸಿದರು.

“ನೋವು ಮ್ಯಾಲೈತೆ ತಾಯಿ, ನೀವು ಕೆಳಗೆ ಚುಚ್ತಿದೀರಲ್ಲ!” ಅತ್ತೆ ಹೌಹಾರಿದರು.

ಅಷ್ಟೇ ಸಾಕಾಯಿತು, ಉಪನ್ಯಾಸ ಶುರುವಾಯಿತು. ‘ಚೀ’ ಎಂಬ ಪ್ರಾಣಶಕ್ತಿ ಕಾಣದ ಕಾಲುವೆಗಳಲ್ಲಿ ಅಡಿಯಿಂದ ಮುಡಿಯವರೆಗೆ ಹರಿಯುತ್ತದಂತೆ. ಕಟ್ಟಿಕೊಂಡಲ್ಲಿ ನೋವು, ದೂರದ ತೂಬು ತೆರೆದರೆ ಶಮನ. ಪ್ರಾಚೀನರು ಚೂಪುಗಲ್ಲಿನಿಂದ ಆರಂಭಿಸಿ ಲೋಹದ ಸೂಜಿಗೆ ಬಂದರಂತೆ. ಯಿನ್, ಯಾಂಗ್, ಪಂಚತತ್ತ್ವಗಳೆಲ್ಲ ಮುಗಿಯುವವರೆಗೂ ನಾನು ಸೂಜಿ ಸಮೇತ ತಾಳ್ಮೆಯಿಂದ ಮಲಗಿದ್ದೆ. ಭುಜದ ನೋವು ಮಾತ್ರ ಇದ್ದಲ್ಲೇ ಇತ್ತು.

ಆಮೇಲೆ ಅವರು ಒಂದು ಗಿಡಮೂಲಿಕೆಯ ಬತ್ತಿ ಹೊತ್ತಿಸಿದರು. ಅತ್ತೆಯ ಮೂಗು ಅರಳಿತು. “ಇದು ಮಾಚಿಪತ್ರೆ ಅಲ್ವಾ? ಹೂವಿನ ಜೊತೆ ಕಟ್ತೀವಲ್ಲ!”

“ಅದೇ ಜಾತಿ ಅಜ್ಜಿ. ಸೂಜಿ, ಬೆಂಕಿ ಎರಡೂ ಸೇರಿದ್ರೇನೇ ಈ ವೈದ್ಯ. ಈಗ ದೂರ ಹಿಡಿದು ಶಾಖ ಕೊಡ್ತೀವಿ. ಹಿಂದೆ ಮೈಮೇಲೇ ಇಟ್ಟು ಸುಡೋರು.”

ಆ ಕೊನೆಯ ವಾಕ್ಯವನ್ನು ಆಕೆ ನುಂಗಿಕೊಳ್ಳಬಾರದಿತ್ತೇ? “ನೋಡ್ದಾ, ಚೀನಾದೋರೂ ಚಿಟಿಕೆ ಹಾಕೋರೇ!” ಎಂದು ಅತ್ತೆ ವಿಜಯದ ನಗೆ ಬೀರಿದರು. ಅಂಥವರ ಕೈಗೇ ಬತ್ತಿ ಕೊಟ್ಟು, “ಹಿಂಗೇ ದೂರ ಹಿಡ್ಕೊಂಡಿರಿ” ಎಂದು ಡಾಕ್ಟರಮ್ಮ ಪಕ್ಕದ ಮಂಚಕ್ಕೆ ನಡೆಯಬೇಕೇ!

ಬತ್ತಿಯ ತುದಿಯ ಕೆಂಡ ನನ್ನ ಭುಜದತ್ತ ನಿಧಾನವಾಗಿ ಇಳಿಯತೊಡಗಿತು. “ಅತ್ತೆ, ಬ್ಯಾಡ!” ಎಂದು ಚೀರಿದವಳು ಅವರ ಮಣಿಕಟ್ಟನ್ನು ಹಿಡಿದೇಬಿಟ್ಟೆ. ಬಲಗೈಯಲ್ಲಿ!

“ತೂಬು ತೆರೀತು” ಎಂದರು ಓಡಿ ಬಂದ ಡಾಕ್ಟರಮ್ಮ. “ಬೆಂಕಿ ತೋರ್ಸಿದ್ದೇ ತಡ, ಕೈ ಬಂದ್ಬುಡ್ತು” ಎಂದರು ಅತ್ತೆ. ಇಬ್ಬರೂ ನನ್ನ ತಲೆಯ ಮೇಲೆಯೇ ವಾದಕ್ಕಿಳಿದರು. ಆ ಗದ್ದಲದ ನಡುವೆ ನಾನು ಮೆಲ್ಲಗೆ ಕೈಯನ್ನು ಹಿಂದಕ್ಕೆ ಒಯ್ದೆ: ಬೆರಳುಗಳು ಜಡೆಯ ಬುಡವನ್ನು ಮುಟ್ಟಿದವು, ಹೆಣೆಯಲು ಮಾತ್ರ ಒಲ್ಲೆನೆಂದವು. ಮುಟ್ಟಿದ ಸುದ್ದಿಯನ್ನು ಇಬ್ಬರಿಗೂ ಹೇಳಲಿಲ್ಲ. ಹೇಳಿದರೆ, ಗೆದ್ದವರು ಯಾರೇ ಆದರೂ, ಉಳಿದರ್ಧವನ್ನು ಸೂಜಿಯಿಂದಲೋ ಕೆಂಡದಿಂದಲೋ ತಾವೇ ವಾಸಿಮಾಡುವುದಾಗಿ ಹೊರಡುವವರೇ.